ಸುಂಕಲಮ್ಮನ ನಾಲ್ಕು ಬೆರಳು

ನನ್ನ ಸೋದರತ್ತೆ ದುರ್ಗಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅರವತ್ತೆರಡು ವರ್ಷ ಅವಳು ಬದುಕಿದ ಪರಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕಿತ್ತು? ಕಂಪ್ಲಿ ಬಸ್ಸು ನಮ್ಮ ಕೇರಿಯ ಹತ್ತಿರ ನಿಲ್ಲದೆ ಹೋಗುತ್ತಿದ್ದಾಗ, ಕುಡುಗೋಲು ಹಿಡಿದುಕೊಂಡೇ ರಸ್ತೆಯ ನಡುವೆ ನಿಂತು, "ನಿಂದ್ರಸಲೇ, ನಾವೇನು ಟಿಕೀಟು ತಗಳಲ್ಲೇನು?" ಎಂದವಳು ಅವಳು. ಅಂದಿನಿಂದ ಬಸ್ಸು ನಿಲ್ಲುತ್ತದೆ. ನಮ್ಮ ಮನೆಯವರು ಬುದ್ಧನ ಹಾದಿ ಹಿಡಿದು ಹದಿನೈದು ವರ್ಷವಾಯಿತು. ಅತ್ತೆಯೂ ದಿನಾ ದೀಪ ಹಚ್ಚುತ್ತಾಳೆ, ಆದರೆ ಶಾಂತಿಯೊಂದು ಅವಳಿಗೆ ಹತ್ತಲೇ ಇಲ್ಲ.

ಭತ್ತ ನಾಟಿ ಮಾಡಿದಳು, ಕಬ್ಬು ಕಡಿದಳು. ಆದರೆ ಅವಳ ನಿಜವಾದ ಕಸುಬು ಮಣ್ಣಿನ ಗೋಡೆ. ಕೆಮ್ಮಣ್ಣು, ಭತ್ತದ ಹೊಟ್ಟು, ಸಗಣಿ ಸೇರಿಸಿ ಮೂರು ದಿನ ಕೊಳೆಹಾಕಿ, ತುಳಿದು, ಅಂಗೈಯಲ್ಲೇ ಗೋಡೆಗೆ ಮೆತ್ತಿ ನುಣುಪು ಮಾಡುವುದನ್ನು ಅವಳ ಅವ್ವ, ಅಂದರೆ ನನ್ನ ಅಜ್ಜಿ ಸುಂಕಲಮ್ಮ, ಕಲಿಸಿದ್ದಳು. ಊರಿಗೆ ಸಿಮೆಂಟು ಬಂದ ಮೇಲೆ ಆ ಕೈಗಳನ್ನು ಕೇಳುವವರೇ ಇಲ್ಲವಾದರು.

ಹೋದ ವರ್ಷ ಮತ್ತೆ ಕೇಳಿದರು. ಊರ ಗೌಡರ ವಾಡೆಯನ್ನು ಮ್ಯೂಸಿಯಂ ಮಾಡಲು ಹೊರಟಿದ್ದರು. ಹಂಪಿಗೆ ಬಂದವರು ಇಲ್ಲಿಗೂ ಬರಲಿ ಎಂಬ ಲೆಕ್ಕಾಚಾರ. ಹೊಸಪೇಟೆಯ ಕಂಟ್ರಾಕ್ಟರ್ ಮೆತ್ತಿದ ಸಿಮೆಂಟು ಹಳೇ ಗೋಡೆಯಿಂದ ಹಪ್ಪಳದಂತೆ ಎದ್ದು ಬಿತ್ತು. ಆಗ ಮ್ಯಾನೇಜರ್ ತೋಟಪ್ಪನಿಗೆ ದುರ್ಗಕ್ಕನ ನೆನಪಾಯಿತು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿಕೊಂಡು ಮನೆಯಲ್ಲೇ ಕೂತಿದ್ದೆ. ನನ್ನನ್ನು ಗೈಡ್ ಎಂದು ತೆಗೆದುಕೊಂಡರು. ಹಿಂದೆಲ್ಲ ಹಿತ್ತಲ ಬಾಗಿಲಿನಿಂದ ಮಾತ್ರ ಒಳಗೆ ಹೋಗುತ್ತಿದ್ದ ಅತ್ತೆ ಮೊದಲ ಸಲ ಮುಂಬಾಗಿಲು ದಾಟಿದಳು.

ವಾಡೆಯ ಕಣಜದ ಕೋಣೆಯಲ್ಲಿ, ಗೋಡೆಯ ಕೆಳಗಿನ ಮೂಲೆಯಲ್ಲಿ, ಹಸಿಮಣ್ಣಿಗೆ ಒತ್ತಿದ ಅಂಗೈ ಗುರುತೊಂದಿದೆ. ಅದರ ಪಕ್ಕ ಚೆಂದದ ಬೋರ್ಡು. ಅತ್ತೆಗೆ ಓದಲು ಬರುವುದಿಲ್ಲ. ಏನು ಬರೆದಿದ್ದಾರೆ ಎಂದು ಕೇಳಿದಳು. ನಾನು ಬಾಯಿಪಾಠ ಮಾಡಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ: "ಮನೆತನದ ಗೌಡತಿ ಸಮೃದ್ಧಿ ಬಯಸಿ ಒತ್ತಿದ ಮಂಗಳ ಹಸ್ತ."

ಅತ್ತೆ ಮಣ್ಣಿನ ಬುಟ್ಟಿಯನ್ನು ಧಡ್ ಎಂದು ಇಳಿಸಿದಳು. "ಯಾವ ಗೌಡತಿ ಮಣ್ಣು ಮುಟ್ಟ್ಯಾಳಲೇ? ಸರಿಯಾಗಿ ನೋಡು. ಎಷ್ಟು ಬೆರಳದಾವು ಎಣಿಸು."

ಎಣಿಸಿದೆ. ಆ ಅಂಗೈಗೆ ನಾಲ್ಕೇ ಬೆರಳು. ಕಿರುಬೆರಳಿನ ಜಾಗ ಬೋಳು.

ಅಜ್ಜಿಯ ಬೆರಳು ಗೌಡರ ಕಬ್ಬಿನ ಗಾಣದಲ್ಲಿ ಸಿಕ್ಕು ಹೋಗಿತ್ತೆಂದು ನನಗೆ ಗೊತ್ತಿತ್ತು. ಗೋಡೆಯ ಸಂಗತಿಯನ್ನು ಅತ್ತೆ ಆಗಲೇ ಹೇಳಿದ್ದು. ಸುಗ್ಗಿಗೆ ಮುಂಚೆ ಕೇರಿಯ ಹೆಂಗಸರಿಗೆ ತಲಾ ಒಂದು ಗೋಡೆ ಹಂಚುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ತನ್ನ ಗೋಡೆಗೆ ತಾನೇ ಅಂಗೈ ಒತ್ತಬೇಕು. ಬಿರುಕು ಬಿಟ್ಟರೆ ಆ ಕೈಯವಳನ್ನೇ ಕರೆದು ಬಿಟ್ಟಿಯಾಗಿ ಮತ್ತೆ ಮೆತ್ತಿಸುತ್ತಿದ್ದರು. ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ಅಜ್ಜಿಯನ್ನು ಹಾಗೆ ಕರೆಸಿದ್ದರು. ಈ ನಾಲ್ಕು ಬೆರಳಿನ ಗುರುತು ಆಗಿನದು. ಮಂಗಳ ಹಸ್ತವಂತೆ! ಪದವಿ ಓದಿದ ನಾನು ಅದನ್ನು ನಗುನಗುತ್ತಾ ಹೇಳಲು ಕನ್ನಡಿಯ ಮುಂದೆ ನಿಂತು ಕಲಿತಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅತ್ತೆ ಸೀದಾ ತೋಟಪ್ಪನ ಆಫೀಸಿಗೆ ನುಗ್ಗಿದಳು. "ಆ ಬೋರ್ಡು ತಗೀರಿ. ಅದು ನಮ್ಮವ್ವ ಸುಂಕಲಮ್ಮನ ಕೈ. ಆಕಿ ಹೆಸರು ಬರೀರಿ, ಬೆರಳು ಎಲ್ಲಿ ಹೋತಂತನೂ ಬರೀರಿ."

ತೋಟಪ್ಪ ನಕ್ಕ. "ದುರ್ಗಕ್ಕ, ನಾಡಿದ್ದು ಓಪನಿಂಗ್ ಐತಿ. ಗೌಡ್ರ ಮೊಮ್ಮಗ ಬರ್ತಾರ. ಇದನ್ನೆಲ್ಲ ಈಗ ತಗೀಬ್ಯಾಡ." ಆಮೇಲೆ ಏನೋ ಹೊಳೆದವನಂತೆ ಹೇಳಿದ: "ಒಂದು ಬೆರಳಿಲ್ಲಂದ್ರ ನೋಡಾಕ ಸರಿ ಕಾಣಲ್ಲ. ನೀನ ಒಂದೀಟು ಕೆತ್ತಿ ಐದು ಮಾಡಿಬಿಡು."

"ನಿಮ್ಮ ಬಾಯಾಗ ಮಣ್ಣು ಬೀಳ!" ಎಂದಳು ಅತ್ತೆ. "ತಗಂಡಿದ್ದು ನೀವು, ಈಗ ಕೊಡೋದೂ ನೀವಾ? ಬೋರ್ಡು ಬದಲಿ ಆಗೋತನಕ ನಾನು ಇಲ್ಲಿಂದ ಕದಲಾಕಿ ಅಲ್ಲ."

ತೋಟಪ್ಪ ಬೋರ್ಡು ಬದಲಿಸಲಿಲ್ಲ. ಅತ್ತೆಯೂ ಕದಲಲಿಲ್ಲ. ಮುಂಬಾಗಿಲ ಹೊಸಿಲ ಹತ್ತಿರದ ಮೂಲೆಯೊಂದನ್ನು ಬೇಕೆಂದೇ ಬಾಕಿ ಉಳಿಸಿಕೊಂಡು, ಎರಡು ದಿನ ಮಣ್ಣು ತುಳಿಯುತ್ತಲೇ ಇದ್ದಳು.

ಓಪನಿಂಗ್ ದಿನ ಗೌಡರ ಮೊಮ್ಮಗ ಹೂವಿನ ಹಾರ ಹಾಕಿಕೊಂಡು ಕಣಜದ ಕೋಣೆಗೆ ಬಂದ. ಹಿಂದೆ ನಲವತ್ತು ಜನ. ನಾನು ಗೋಡೆಯ ಕಡೆ ತಿರುಗಿದೆ. ಅಜ್ಜಿಯ ಅಂಗೈಗೆ ಐದು ಬೆರಳು! ಹಿಂದಿನ ರಾತ್ರಿ ಯಾರ ಕೈಲೋ ಉಳಿಯಿಂದ ಕೆತ್ತಿಸಿಬಿಟ್ಟಿದ್ದರು. ತೋಟಪ್ಪ ನನಗೆ ಕಣ್ಸನ್ನೆ ಮಾಡಿದ, ಶುರು ಮಾಡು ಎಂದು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಮೊಣಕೈವರೆಗೆ ಮಣ್ಣು, ಸೊಂಟದಲ್ಲಿ ಮಣ್ಣಿನ ಬುಟ್ಟಿ. ಅವಳಿಗೂ ಕಂಡಿತು.

"ಅಂಜಲೀ," ಎಂದು ನನ್ನ ಹೆಸರು ಹಿಡಿದು ಕೂಗಿದಳು, "ಅದು ಯಾರ ಕೈ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೆಲಸ ಹೋಗುತ್ತದೆಂದು ಗೊತ್ತಿತ್ತು. ಆದರೂ ಬಾಯಿಪಾಠ ಬಾಯಿಗೆ ಬರಲಿಲ್ಲ. "ನಮ್ಮಜ್ಜಿ ಸುಂಕಲಮ್ಮನ ಕೈ ರೀ," ಎಂದೆ, ಮೊಮ್ಮಗನ ಮುಖ ನೋಡಿಯೇ. "ಆಕಿ ಕಿರುಬೆರಳು ನಿಮ್ಮ ಗಾಣದಾಗ ಹೋತು. ಗೋಡಿ ಸೀಳಿದ್ರ ಆಕಿನ್ನ ಎಳಕೊಂಡು ಬರಾಕ ಈ ಗುರುತು ಒತ್ತಿಸಿದ್ರಿ. ಐದನೇ ಬೆರಳು ನಿನ್ನೆ ಕೆತ್ತಿದ್ದು."

ಮೊಮ್ಮಗ ತೋಟಪ್ಪನ ಕಡೆ ನೋಡಿದ. ತೋಟಪ್ಪ ನನ್ನ ಕೊರಳಿನ ಐಡಿ ಕಾರ್ಡಿಗೆ ಕೈ ಹಾಕಿದ. ನಾನೇ ತೆಗೆದು ಕೊಟ್ಟೆ. ಅಷ್ಟರಲ್ಲಿ ಅತ್ತೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಗೋಡೆಯ ಮುಂದೆ ಕೂತಿದ್ದಳು. ಯಾರೋ ಹಿಡಿಯಲು ಹೋದರು. "ಮುಟ್ರಿ ನೋಡಾಣ!" ಎಂದ ದನಿಗೆ ಹಿಂದೆ ಸರಿದರು. ಚಿಟಿಕೆ ಚಿಟಿಕೆಯಾಗಿ ಮಣ್ಣು ತೆಗೆದು ಆ ಸುಳ್ಳು ಬೆರಳನ್ನು ತುಂಬಿದಳು. ಹೆಬ್ಬೆರಳಿನಿಂದ ಸವರಿ ನುಣುಪು ಮಾಡಿದಳು. ಅಜ್ಜಿಯ ಕೈ ಮತ್ತೆ ಅಜ್ಜಿಯದೇ ಆಯಿತು.

ಆಮೇಲೆ ಅದರ ಕೆಳಗೆ ಹಿಡಿಯಷ್ಟು ಹಸಿಮಣ್ಣು ಮೆತ್ತಿ, ತನ್ನ ಅಂಗೈಯನ್ನು ಐದೂ ಬೆರಳು ಅಗಲಿಸಿ ಒತ್ತಿದಳು. ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೌಡರ ಮೊಮ್ಮಗನ ಎದುರು ನಿಂತಳು.

"ಬಿರುಕು ಬಿಟ್ರ ನನ್ನ ಕರೀರಿ," ಎಂದಳು. "ಮುಂಬಾಗಿಲಾಗ ಬರತೀನಿ."