ಕಪ್ಪೆಗಾಡಿಯ ಉಪವಾಸ

ಸವದತ್ತಿಯ ಟಿಪ್ಪುಸಾಬನಿಗೆ ಸಿಟ್ಟು ಬರಿಸಲು ಬೈಯಬೇಕಾಗಿಲ್ಲ. ಅವನು ರಿಪೇರಿ ಮಾಡಿ ಕಳಿಸಿದ ಗಾಡಿಯನ್ನು ಅದೇ ರೋಗಕ್ಕೆ ತಿರುಗಿ ತಂದು ನಿಲ್ಲಿಸಿದರೆ ಸಾಕು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರಸ್ತೆಯಲ್ಲಿರುವ ಅವನ ಗ್ಯಾರೇಜಿಗೆ ಬೋರ್ಡಿಲ್ಲ. "ನನ್ನ ಕೈಯಾಗಿಂದ ಹ್ವಾದದ್ದು ತಿರುಗಿ ಬರೂದಿಲ್ಲ" ಎನ್ನುವ ಮಾತೇ ಬೋರ್ಡು. ಎದುರಿನ ಅಂದಾನೆಪ್ಪನ ಚಹಾದಂಗಡಿಯಲ್ಲಿ ಕೂತು ಅದನ್ನು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಚಹಾ ಗಂಟಲಿಗೆ ಇಳಿಯುತ್ತಿರಲಿಲ್ಲ.

ಆ ಮಾತಿನ ಮೇಲೆ ಕಲ್ಲು ಹಾಕಿದ್ದು ಚಚಡಿಯ ನಿಜಗುಣಪ್ಪನ ಗಾಡಿ. ಎಲ್ಲೋ ಮುಚ್ಚಿಹೋದ ರೆಸಾರ್ಟಿನಿಂದ ಅವನು ಹಳೆಯದೊಂದು ನಾಲ್ಕು ಗಾಲಿಯ ಬೈಕು ತಂದಿದ್ದ. ಅಗಲ ಗಾಲಿ, ಗಿಡ್ಡ ಮೈ. ಎರೆಹೊಲದ ಕೆಸರಿನಲ್ಲಿ ಟ್ರ್ಯಾಕ್ಟರು ಹೂತರೂ ಇದು ಹೂಳುವುದಿಲ್ಲ ಎಂದು ಅವನಿಗೆ ಹೆಮ್ಮೆ. ಊರವರು ಅದಕ್ಕೆ ಕಪ್ಪೆಗಾಡಿ ಎಂದು ಹೆಸರಿಟ್ಟರು. ಕಪ್ಪೆ ಮೊದಲ ವಾರವೇ ನಿಜಗುಣಪ್ಪನನ್ನು ತಿಪ್ಪೆಯೊಳಗೆ ಎತ್ತಿ ಒಗೆಯಿತು. ಎರಡನೆಯ ವಾರ ಅದರ ಕಾರ್ಬ್ಯುರೇಟರಿನಿಂದ ಪೆಟ್ರೋಲು ಸೋರತೊಡಗಿತು.

ಟಿಪ್ಪುಸಾಬ ಬಿಚ್ಚಿ ನೋಡಿದ. ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಕೂಡಲೇ ಸಣ್ಣದೊಂದು ಸೂಜಿ ಮೇಲೆದ್ದು ತೂತು ಮುಚ್ಚಬೇಕು. ತೂತಿನ ಬಾಯಿಗೆ ಹಳದಿ ರಾಡಿ ಮೆತ್ತಿಕೊಂಡು ಸೂಜಿ ಕೂರುತ್ತಿರಲಿಲ್ಲ. ಹಳೇ ಪೆಟ್ರೋಲ್ ಟಾಕಿ, ಒಳಗಿನ ಜಾಳಿಗೆ ಹರಿದು ತುಕ್ಕು ಇಳಿದಿರಬೇಕು ಎಂದುಕೊಂಡು ತೊಳೆದು, ಊದಿ, ಜೋಡಿಸಿ ಕಳಿಸಿದ. ವಾರ ಕಳೆಯುವುದರೊಳಗೆ ಗಾಡಿ ತಿರುಗಿ ಬಂತು. ಹೊಸ ಸೂಜಿ ಹಾಕಿದ. ಮತ್ತೆ ಬಂತು.

"ಏನ್ರಿ ಟಿಪ್ಪುಸಾಬ್ರ, ನಿಮ್ಮ ಕೈಯಾಗಿಂದ ಹ್ವಾದದ್ದು ಹಾದಿ ಮರೀವಲ್ದಲ್ಲ!" ಎಂದ ಅಂದಾನೆಪ್ಪ, ಅಂಗಡಿ ತುಂಬ ಮಂದಿ ಇದ್ದಾಗಲೇ.

ಟಿಪ್ಪುಸಾಬನ ತಲೆ ಕೆಟ್ಟಿತು. "ಇನ್ನೊಮ್ಮೆ ಇದು ಸೋರಿದ್ರ ನಾ ಪಾನಾ ಹಿಡಿಯೂದ ಬಿಡ್ತೇನಿ!" ಎಂದುಬಿಟ್ಟ. ನಟ್ಟು ತಿರುವುವ ಪಾನಾ ಬಿಟ್ಟರೆ ಬೇರೇನೂ ಹಿಡಿಯಲು ಬಾರದ ಮನುಷ್ಯ ಅವನು. ಆದರೆ ಅಂದಾನೆಪ್ಪನ ಕಿವಿಗೆ ಬಿದ್ದ ಮಾತನ್ನು ವಾಪಸು ಪಡೆಯಲು ಸಾಧ್ಯವೇ?

ಅಂದು ಸೋಮವಾರ. ಮೂರನೇ ಸಲ ರಾಡಿ ತೆಗೆದು ಮನೆಗೆ ಹೋದ. ಹೆಂಡತಿ ಖತಿಜಾಬಿ, ತುಕ್ಕಿನ ಕಲೆ ಎಂದು ಅವನು ಒಗೆಯಲು ಕೊಟ್ಟ ಕೈವಸ್ತ್ರಕ್ಕೆ ಸಬಕಾರ ತಿಕ್ಕುತ್ತಿದ್ದವಳು ತಟ್ಟನೆ ನಿಂತಳು.

"ತುಕ್ಕಂತ ತುಕ್ಕು! ಸಬಕಾರ ಬಿದ್ದ ಕೂಡ್ಲೆ ಕಲಿ ಕೆಂಪಾತು ನೋಡ್ರಿ. ಇದು ಅರಿಷಿಣ. ನೀವು ಗಾಡಿ ರಿಪೇರಿ ಮಾಡಿ ಬಂದೀರೋ, ಮದುವಿ ಮಾಡಿ ಬಂದೀರೋ?"

ಟಿಪ್ಪುಸಾಬನಿಗೆ ನಿದ್ದೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಗಾಡಿಯನ್ನು ತಾನೇ ಓಡಿಸಿಕೊಂಡು ಚಚಡಿಗೆ ಹೋದ. ನಿಜಗುಣಪ್ಪ ಹೊಲಕ್ಕೆ ಹೋಗಿದ್ದ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ದನದ ಕೊಟ್ಟಿಗೆಯ ನೆರಳಿನಲ್ಲಿ ಕೂತ.

ನಿಜಗುಣಪ್ಪನ ತಾಯಿ ಸಿದ್ದಲಿಂಗವ್ವ ಮಂಗಳವಾರ, ಶುಕ್ರವಾರ ತಪ್ಪದ ಪೂಜೆಗೆಂದು ಮಿಂದು, ತಾಟಿನಲ್ಲಿ ಎಲ್ಲಮ್ಮನ ಭಂಡಾರದ ಅರಿಷಿಣ ಪುಡಿ ಹಿಡಿದು ಹೊರಗೆ ಬಂದಳು. ಗಾಡಿಯ ದೀಪಕ್ಕೆ ಹಚ್ಚಿದಳು, ಗಾಲಿಗೆ ಹಚ್ಚಿದಳು. ಅದೇನೂ ಹೊಸದಲ್ಲ, ಗುಡ್ಡದಿಂದ ಇಳಿಯುವ ಗಾಡಿಗಳೆಲ್ಲ ಮೈತುಂಬ ಭಂಡಾರ ಬಳಿದುಕೊಂಡೇ ಅವನ ಗ್ಯಾರೇಜಿಗೆ ಬರುತ್ತವೆ. ಆದರೆ ಮುದುಕಿ ಟಾಕಿಯ ಮುಚ್ಚಳ ತಿರುವಿ ಒಂದು ಚಿಟಿಕೆ ಒಳಗೆ ಹಾಕಿದಳು. ಸಾಲದೆನಿಸಿ ಇನ್ನೂ ಒಂದು ಹಾಕಿದಳು.

"ಹೊಟ್ಟಿಗೂ ಬೇಕಲ್ಲಪಾ ನಿನಗ. ನನ್ನ ಮಗನ್ನ ಮತ್ತ ಕೆಡವಬ್ಯಾಡ" ಎಂದು ಸೀಟು ಸವರಿದಳು.

ಗೆದ್ದೆ ಎಂದು ಎದ್ದವನು ಆ ಮಾತು ಕೇಳಿ ಅರ್ಧದಲ್ಲೇ ನಿಂತ. ದೇವರ ಭಂಡಾರದಿಂದ ಗಾಡಿ ಕೆಟ್ಟಿತು ಎಂದು ಆ ತಾಯಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಂದದ್ದು ಬೇರೆ.

"ಅವ್ವಾರ, ಈ ಗಾಡಿ ಉಪವಾಸ ಹಿಡದೈತ್ರಿ. ಮಂಗಳವಾರ, ಶುಕ್ರವಾರ ಬಾಯಾಗ ಏನೂ ಹಾಕೂಹಂಗಿಲ್ಲ."

ಸಿದ್ದಲಿಂಗವ್ವ ಬೆಚ್ಚಿ ಕೈ ಹಿಂತೆಗೆದಳು. "ಅಯ್ಯ ತಮ್ಮಾ, ಮೊದಲ ಹೇಳಬಾರದ? ಪೆಟ್ರೋಲು?"

"ಅದೊಂದು ನಡೀತೈತ್ರಿ. ನೀವು ಉಪವಾಸದಾಗ ಚಹಾ ಕುಡೀತೀರಲ್ಲ, ಹಂಗ."

ಟಾಕಿ ತೊಳೆದು, ಹೊಸ ಜಾಳಿಗೆ ಕೂರಿಸಿ ಬಂದ. ಗಾಡಿ ಒಂದು ಹನಿಯೂ ಸೋರಲಿಲ್ಲ. ಟಿಪ್ಪುಸಾಬನಿಗೆ ಚಹಾ ಮತ್ತೆ ರುಚಿಸತೊಡಗಿತು. ಅಷ್ಟರಲ್ಲಿ ಒಂದು ಶುಕ್ರವಾರ ನಿಜಗುಣಪ್ಪ ಬಸ್ಸಿಳಿದು, ಕಣ್ಣು ಕೆಂಪಗೆ ಮಾಡಿಕೊಂಡು ಚಹಾದಂಗಡಿಗೇ ಬಂದ.

"ಏನ ಹೇಳೀರಿ ನಮ್ಮವ್ವಗ? ಮಂಗಳವಾರ, ಶುಕ್ರವಾರ ಕೀಲಿ ತಗೊಂಡು ಸೆರಗಿಗೆ ಕಟಗೋತಾಳ. ಉಪವಾಸ ಇದ್ದ ಜೀವಾ ದುಡಸಬಾರದಂತ! ಸೋರತಿದ್ರೂ ಓಡತಿತ್ತರೀ, ಈಗ ಅಂಗಳಾ ಬಿಟ್ಟು ಹೊರಡವಲ್ದು. ಏನಾಗಿತ್ತದಕ್ಕ? ಖರೆ ಹೇಳ್ರಿ."

ಅಂಗಡಿಯ ಮಂದಿಯೆಲ್ಲ ಇತ್ತ ತಿರುಗಿದರು. ಭಂಡಾರ ಎಂದೊಂದು ಮಾತು ಆಡಿದ್ದರೆ ಟಿಪ್ಪುಸಾಬನ ಹೆಸರು ಬೆಳಗುತ್ತಿತ್ತು. ಆದರೆ ಸಂಜೆಯೊಳಗೆ ಸಿದ್ದಲಿಂಗವ್ವ ಸುತ್ತಲ ಊರಿಗೆಲ್ಲ ನಗೆಪಾಟಲಾಗುತ್ತಿದ್ದಳು.

"ತಪ್ಪು ನಂದರಿ" ಎಂದ. "ಸೂಜಿ ಉಲ್ಟಾ ಕುಂಡ್ರಿಸಿದ್ನಿ. ಮುಚ್ಚಾಕ ಏನೋ ಸುಳ್ಳ ಹೇಳಿದ್ನಿ. ನಾಳಿಯಿಂದ ಪಾನಾ ಮುಟ್ಟಂಗಿಲ್ಲ."

ಅಂದಾನೆಪ್ಪ ನಕ್ಕ ರಭಸಕ್ಕೆ ಕೈಯಲ್ಲಿನ ಚಹಾ ಪಂಜೆಯ ಮೇಲೆ ಚೆಲ್ಲಿತು. ಟಿಪ್ಪುಸಾಬನಿಗೆ ಅಳುವೇ ಬಂತು. ಗ್ಯಾರೇಜಿನ ಬಾಗಿಲು ಎಳೆದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಕಪ್ಪೆಗಾಡಿ ಗುಡುಗುಡು ಎನ್ನುತ್ತ ಚಹಾದಂಗಡಿಯ ಮುಂದೆ ಬಂದು ನಿಂತಿತು. ಮಗನ ಬೆನ್ನಿಗೆ ಅಂಟಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ಸಿದ್ದಲಿಂಗವ್ವ ಇಳಿದಳು. ಟಿಪ್ಪುಸಾಬನನ್ನು ಮನೆಯಿಂದ ಕರೆಸಿದಳು. ಮಂದಿಯೆಲ್ಲ ನೆರೆದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಆ ಟಾಕ್ಯಾಗ ಭಂಡಾರ ಹಾಕಿದಾಕಿ ನಾನು. ಹಾಕೂದ ಬಿಟ್ನಿ, ಸೋರೂದು ನಿಂತು. ನಿನ್ನಿ ಈ ಟಿಪ್ಪುಸಾಬ ತಪ್ಪು ತನ್ನ ತಲಿಮ್ಯಾಲ ಹೊತ್ತಾನಂತ ಕೇಳಿದ ಮ್ಯಾಲ ನನಗ ತಿಳೀತು. ನಗೂದಿದ್ರ ನನ್ನ ನೋಡಿ ನಗ್ರಿ!"

ಯಾರೂ ನಗಲಿಲ್ಲ. ಅಂದಾನೆಪ್ಪ ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದ.

ಮುದುಕಿ ಟಿಪ್ಪುಸಾಬನ ಕಡೆ ತಿರುಗಿದಳು. "ಪಾನಾ ಹಿಡಿ ತಮ್ಮಾ. ಆದ್ರ ಈ ಹಾಳ ಗಾಡಿ ಹೆಸರಲೆ ನನ್ನ ಮುಂದ ಸುಳ್ಳ ಹೇಳಿದೆಲ್ಲ, ಬರೂ ಮಂಗಳವಾರ ಆ ಉಪವಾಸ ನೀ ಮಾಡು."

ಮಂಗಳವಾರ ಅಂದಾನೆಪ್ಪ ತಾನೇ ಚಹಾ ತಂದು ಗ್ಯಾರೇಜಿನಲ್ಲಿಟ್ಟ. ಟಿಪ್ಪುಸಾಬ ಅದನ್ನು ಮುಟ್ಟಲಿಲ್ಲ. ಪಾನಾ ಹಿಡಿದು ಯಾರದೋ ಬೈಕಿನ ಕಾರ್ಬ್ಯುರೇಟರು ಬಿಚ್ಚುತ್ತ ಕೂತಿದ್ದ.