ಬೆಂಡಾತು

ಅಪ್ಪ ಆ ದಿನ ಏನು ಹೇಳಿದ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಹೇಳಿದ್ದು ಒಂದೇ ಮಾತು, ಅದನ್ನು ಕೇಳಿ ನಾನು ಊರು ಬಿಡುವುದನ್ನು ಕೈಬಿಟ್ಟೆ, ಇಷ್ಟು ಗೊತ್ತು. ಆ ಗಳಿಗೆಯನ್ನು ಎಷ್ಟು ಸಲ ತಿರುವಿಹಾಕಿದ್ದೇನೆಂದರೆ, ಈಗ ಉಳಿದಿರುವುದು ನಡೆದದ್ದರ ನೆನಪೋ, ನೆನಪಿಸಿಕೊಂಡದ್ದರ ನೆನಪೋ ಹೇಳಲಾರೆ.

ಕುರ್ಲಾದಲ್ಲಿ ಹಾರ್ಬರ್ ಲೈನಿನ ರೈಲುಹಳಿಯ ಗೋಡೆಗೆ ಬೆನ್ನು ಕೊಟ್ಟಂತೆ ನಮ್ಮದೊಂದು ಗಾಳಾ. ಶೆಟರ್ ಹಾಕಿದ ಒಂಟಿ ಕೋಣೆಯ ಕಾರ್ಖಾನೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಒಳಗೆ ಮಾಡುತ್ತಿದ್ದುದು ಮೀನಿನ ಗಾಳದ ಕೋಲಿಗೆ ಹಿಡಿಕೆಗಳನ್ನು. ಈ ಹೆಸರಿನ ಮೇಲೆ ಚಾಚಾ ದಿನಕ್ಕೊಂದಾದರೂ ಚಟಾಕಿ ಹಾರಿಸುತ್ತಿದ್ದ. ಚಾಚಾ ಎಂದರೆ ಅಪ್ಪನ ಜೊತೆಗಾರ. ಇಬ್ಬರೂ ವಿಜಯಪುರದ ಕಡೆಯವರು. ಅಪ್ಪ ಅಂಟಿಸುತ್ತಿದ್ದ, ಚಾಚಾ ಲೇಥಿನ ಮೇಲೆ ತಿರುಗಿಸಿ ಉಜ್ಜುತ್ತಿದ್ದ. ಕೋಣೆಗೆ ಕಿಟಕಿಯಿರಲಿಲ್ಲ. ಕಾರ್ಕಿನ ಕಂದು ಪುಡಿ ಚಹಾದ ಮೇಲೂ ತೇಲುತ್ತಿತ್ತು, ರಾತ್ರಿ ಉಗುಳಿದರೆ ಉಗುಳಿನಲ್ಲೂ ಬರುತ್ತಿತ್ತು.

ಮುಂಬಯಿಯಲ್ಲಿ ಎಲ್ಲರಿಗೂ ಅದು ಕಾರ್ಕ್, ಅಪ್ಪನಿಗೆ ಮಾತ್ರ ಬೆಂಡು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು ಅವನು.

ಕೆಲಸ ಕೇಳಲು ಸುಲಭ. ನಡುವೆ ತೂತಿರುವ ಕಾರ್ಕಿನ ಬಿಲ್ಲೆಗಳನ್ನು ತಿರುಪು ಕೊರೆದ ಸರಳಿಗೆ ಒಂದೊಂದಾಗಿ ಪೋಣಿಸಬೇಕು, ಅಲ್ಲಲ್ಲಿ ಅಂದಕ್ಕೆ ಶೀಶಮ್ ಮರದ ಬಿಲ್ಲೆ. ಪ್ರತಿ ಮುಖಕ್ಕೂ ಅಂಟು ಸವರಿ ಎರಡೂ ತುದಿಯ ನಟ್ ಬಿಗಿಯಬೇಕು. ಅಂಟಿಗೆ ಎರಡು ಡಬ್ಬಿ. ಎರಡನ್ನೂ ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಬಟ್ಟಲಲ್ಲೇ ಬಿಸಿಯಾಗಿ ಕಲ್ಲಾಗುತ್ತದೆ. ಕಾರ್ಕ್ ಅಂಟನ್ನು ಕುಡಿಯುತ್ತದೆ, ಮರ ಕುಡಿಯುವುದಿಲ್ಲ. ನಟ್ ಸಡಿಲವಾದರೆ ಸಂದಿ ಉಳಿಯುತ್ತದೆ, ಅತಿ ಬಿಗಿಯಾದರೆ ಅಂಟೆಲ್ಲ ಹೊರಗೆ ಹಿಂಡಿ ಬಂದು ಒಳಗೆ ಏನೂ ಉಳಿಯುವುದಿಲ್ಲ. ಅಂಟು ಗಟ್ಟಿಯಾಗುವವರೆಗೆ ಹಿಡಿಕೆ ಆ ಸರಳಿನ ಬಂದಿ. ಅದರ ಜೊತೆಗೆ ನಾವೂ.

ನಾನು ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಓದಿದೆ. ಬೇರೆಯವರ ಮಾತನ್ನು ಜ್ಞಾನವೆಂದು ನಂಬಬಹುದೇ ಎಂಬ ವಿಷಯದ ಮೇಲೆ ಪ್ರಬಂಧ ಬರೆದೆ. ಹೈದರಾಬಾದಿನಲ್ಲಿ ಸಂಶೋಧನೆಗೆ ಜಾಗ ಸಿಕ್ಕಿತು. ಸೋಮವಾರ ಹಾಜರಾಗಬೇಕಿತ್ತು, ಭಾನುವಾರ ಮಧ್ಯಾಹ್ನ ದಾದರಿನಿಂದ ಗಾಡಿ. ಹೊರಡುವ ಮುನ್ನ ಹೇಳಿಹೋಗಲೆಂದು ಗಾಳಾಕ್ಕೆ ಬಂದೆ. ಆರ್ಡರ್ ಇದ್ದುದರಿಂದ ಇಬ್ಬರೂ ರಜೆಯಿಲ್ಲದೆ ದುಡಿಯುತ್ತಿದ್ದರು.

"ಏನಪಾ ಪ್ರೊಫೆಸರ್," ಚಾಚಾ ಲೇಥ್ ನಿಲ್ಲಿಸಿದ, "ಗಾಳಾದಾಗಿನ ಮೀನ ಹೊಳ್ಳಿ ನೀರಿಗೆ ಹೊಂಟೈತೇನು?"

"ಹೊಂಟೈತಿ ಚಾಚಾ."

"ನೀರಾಗ ದೊಡ್ಡ ಮೀನಾ ಇರ್ತಾವ, ನೋಡ್ಕೋ ಬೇಟಾ."

ಅಪ್ಪ ತಲೆ ಎತ್ತಲಿಲ್ಲ. "ಅಂಟ ಕಲಸೀನಿ. ಇದೊಂದು ಹಿಡಿಕಿ ಹಿಡ್ಕೊ ತಮ್ಮಾ, ಆಮ್ಯಾಲೆ ಹೋಗು."

ಬ್ಯಾಗು ಹೆಗಲಲ್ಲೇ ಇತ್ತು. ನಾನು ಸರಳು ಹಿಡಿದೆ. ಅಪ್ಪ ಬಿಲ್ಲೆ ಪೋಣಿಸಿ ಸ್ಪ್ಯಾನರ್ ತಿರುಗಿಸತೊಡಗಿದ. ಚಾಚಾನ ಲೇಥ್ ಸುಮ್ಮನಿತ್ತು. ಅಪ್ಪನ ಕೈ ನಡುವೆಯೇ ನಿಂತಿತು. ಗೋಡೆಯ ಹಿಂದೆ ಲೋಕಲ್ ಧಡಧಡ ಹಾದುಹೋಯಿತು. ಆ ಸದ್ದಿನಲ್ಲಿ ಅಪ್ಪ ಏನೋ ಅಂದ, ಕೊನೆಯದಷ್ಟೇ ನನಗೆ ಕೇಳಿಸಿತು: "...ಬೆಂಡಾತು."

ನಮ್ಮ ಕಡೆಯ ಮಾತಿನಲ್ಲಿ ಬೆಂಡು ಆತು ಎಂದರೆ ಕಾರ್ಕ್ ತೀರಿತು. ಮೈ ಬೆಂಡಾತು ಎಂದರೆ ದುಡಿದು ದುಡಿದು ಸತ್ವ ಹೋಯಿತು, ಇನ್ನು ಆಗದು. ಬಾಯಲ್ಲಿ ಎರಡೂ ಒಂದೇ. ವ್ಯತ್ಯಾಸವೆಲ್ಲ ಅದರ ಹಿಂದಿನ ಪದದಲ್ಲಿ. ಆ ಪದವನ್ನು ರೈಲು ನುಂಗಿತ್ತು. ಅದು 'ಮೈ' ಎಂದೇ ನಾನು ತಿಳಿದೆ. ಬ್ಯಾಗು ಕೆಳಗಿಟ್ಟು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡೆ. ಅವನು ಬೇಡ ಅನ್ನಲಿಲ್ಲ.

ಈ ಆರ್ಡರ್ ಮುಗಿಯಲಿ ಎಂದುಕೊಂಡೆ, ಮಳೆಗಾಲ ಕಳೆಯಲಿ ಎಂದುಕೊಂಡೆ. ಅಷ್ಟರಲ್ಲಿ ಆ ಜಾಗ ಇನ್ನೊಬ್ಬರಿಗೆ ಹೋಯಿತು. ಈಗ ನನ್ನ ಉಗುರಿನ ಅಂಚಿನಲ್ಲೂ ಅಪ್ಪನದರಂತೆ ಒಣಗಿದ ಅಂಟು. ಘಾಟ್ಕೋಪರಿನ ಮನೆಯಿಂದ ಬೆಳಿಗ್ಗೆ ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ದಾದರಿನ ಕಡೆ ಹೋಗುವ ಗಾಡಿಯ ಬೋರ್ಡು ಕಂಡರೆ ಬೇರೆಲ್ಲೋ ನೋಡುತ್ತೇನೆ. ಹತ್ತುವುದು ಅದನ್ನೇ, ಇಳಿಯುವುದು ಮಾತ್ರ ಕುರ್ಲಾದಲ್ಲಿ.

ಕೇಳಬಾರದಿತ್ತೇನೋ, ಒಮ್ಮೆ ಕೇಳಿಬಿಟ್ಟೆ. ಮೊದಲು ಚಾಚಾನನ್ನು.

"ಕಾರ್ಕ್ ಮುಗದೈತಿ ಅಂದ್ನಲ್ಲೋ ಅವತ್ತ. ಮರುದಿನ ನಾನಽ ಹೋಗಿ ತಂದೆ." ಸ್ವಲ್ಪ ಯೋಚಿಸಿದ. "ಇಲ್ಲಾ, ಅದು ಬ್ಯಾರೆ ಸಲ ಇರಬೇಕು. ಅಲ್ಲಾಗೆ ಗೊತ್ತು. ನನ್ನ ಕಿವಿ ಲೇಥ್ ತಿಂದು ಭಾಳ ದಿನಾ ಆತು."

ಆಮೇಲೆ ಅಪ್ಪನನ್ನು. ಅವನು ಈಗ ಅಂಟಿಸುವುದಿಲ್ಲ. ಬಾಗಿಲ ಬಳಿ ಕೂತು ಬಿಲ್ಲೆಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುತ್ತಾನೆ.

"ಏನಂದಿದ್ನೋ ಯಾರಿಗೆ ನೆನಪೈತಿ?" ಅಂದ. "ಉಳಿ ಅಂತೂ ಅಂದಿದ್ದಿಲ್ಲ."

"ಮತ್ತ ನಾ ಬ್ಯಾಗ್ ಇಟ್ಟಾಗ ಸುಮ್ಮನ್ಯಾಕ ಇದ್ದಿ?"

"ನಿನಗಽ ಹೋಗೂ ಮನಸಿಲ್ಲ ಅಂತ ತಿಳದ್ನಿ. ಹೋಗು ಅಂದ್ರ ಹೊರಗ ಹಾಕಿದಂಗ ಆಕ್ಕಿತ್ತು." ಅಂಚು ಮುರಿದ ಬಿಲ್ಲೆಯೊಂದನ್ನು ಪಕ್ಕಕ್ಕೆ ಎಸೆದ. "ಚಾ ಆರತೈತಿ, ಕುಡಿ."

ಕುಡಿದೆ.

ಆದರೂ ನನಗೊಂದು ಆಸರೆ ಉಳಿದಿತ್ತು: ರೈಲು ನುಂಗಿದ ಆ ಪದ. ಅದು 'ಮೈ' ಆಗಿದ್ದರೆ, ಅಪ್ಪ ಮರೆತಿದ್ದರೂ, ನಾನು ಅವನಿಗಾಗಿ ಉಳಿದವನು. ಅಂಥ ಪದವೇ ಇಲ್ಲದಿದ್ದರೆ, ತೀರಿದ ಕಾರ್ಕಿನ ಸುದ್ದಿ ಕೇಳಿ ಬ್ಯಾಗು ಇಳಿಸಿದವನು. ಹೋಗಲು ಹೆದರಿ ನೆಪ ಹುಡುಕುತ್ತಿದ್ದವನು. ಇದನ್ನು ಪರೀಕ್ಷಿಸುವ ದಾರಿ ಇದೆಯೆಂದು ಬಹಳ ಕಾಲ ನನಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆಯಗೊಟ್ಟಿರಲಿಲ್ಲ. ಹಾಜರಾಗಬೇಕಿದ್ದ ಸೋಮವಾರದ ತಾರೀಖು ನನಗೆ ಬಾಯಿಪಾಠ. ಕಳೆದ ತಿಂಗಳು ಲೈಬ್ರರಿಯಲ್ಲಿ ಕೂತು ಅದರ ಹಿಂದಿನ ವಾರದ ಪತ್ರಿಕೆಗಳನ್ನು ತೆಗೆಸಿದೆ, ಆ ಸೋಮವಾರದ್ದನ್ನೂ ನೋಡಿದೆ. ಆ ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್ ಇತ್ತು. ಹಳಿ ರಿಪೇರಿಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಗೋಡೆಯ ಹಿಂದೆ ಒಂದು ಲೋಕಲ್ಲೂ ಓಡಿರಲಿಲ್ಲ.