ನಾಲ್ಕು ಮೂಟೆ ಇಳಿಸಿದ ಮೇಸ್ತ್ರಿ

ಮೊನ್ನೆ ಶಿರಸಿಯಲ್ಲಿ ಶಾಲೆಯೊಂದರ ಮೈದಾನದ ಪಕ್ಕ ನಡೆದು ಹೋಗುತ್ತಿದ್ದೆ. ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ. ಒಬ್ಬಾತ ಹೆಗಲಿಗೆ ಯಂತ್ರ ನೇತುಹಾಕಿಕೊಂಡು ಹುಲ್ಲು ಕತ್ತರಿಸುತ್ತಿದ್ದ. ಪೆಟ್ರೋಲು, ಕಾದ ಆಯಿಲ್ಲು, ಹಸಿ ಹುಲ್ಲು, ಮೂರೂ ಕಲಸಿದ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಕಾಡಿನ ನಡುವೆ ವಿಮಾನ ಇಳಿಯುವ ಬಯಲಿಗೆ ಇಂಥದ್ದೇ ವಾಸನೆ ಇರುತ್ತದೆ ಎಂದು ನನಗೆ ಹೇಳಿದವರು ನಮ್ಮ ಮೇಸ್ತ್ರಿ...

ಯಲ್ಲಾಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಎದುರಿಗೇ ಅವರ ಗ್ಯಾರೇಜು. ಹುಬ್ಬಳ್ಳಿ ಅಂಕೋಲಾ ರಸ್ತೆಯಲ್ಲಿ ಓಡಾಡುವ ಲಾರಿಯವರಿಗೆಲ್ಲ ಅವರು ಗೊತ್ತು. ಘಟ್ಟ ಹತ್ತುವಾಗ ಉಸಿರು ಕಟ್ಟಿದ ಎಂಜಿನ್ನುಗಳೆಲ್ಲ ಅವರ ಅಂಗಳಕ್ಕೆ ಬರುತ್ತಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಕೇಳುವರು. ಆಮೇಲೆ ಒಂದೇ ಮಾತು: "ಎರಡನೇ ಸಿಲಿಂಡರಿನ ವಾಲ್ವು." ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ನಾನು ಕಂಡಾಗಲೇ ಎಂಬತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ. ಎಲ್ಲರಿಗೂ ಅವರು ಬರೀ ಮೇಸ್ತ್ರಿ. ನನಗೂ ಹಾಗೇ.

ನನ್ನದು ಅನಿಮೇಷನ್ ಸಿನಿಮಾಗಳಿಗೆ ಚಿತ್ರ ಬರೆಯುವ ಕೆಲಸ. ಅದರಲ್ಲೂ ಗಾಡಿ, ರೈಲು, ದೋಣಿ ಇವುಗಳ ಚಲನೆ ನನ್ನ ಪಾಲಿನದು. ಮನೆಯಲ್ಲೇ ಕೂತು ಮಾಡಿ ಕಳಿಸುತ್ತಿದ್ದೆ. ಆ ವರ್ಷ ಬಂದದ್ದು ಮಕ್ಕಳ ಸಿನಿಮಾ. ರಸ್ತೆಯೇ ಇಲ್ಲದ ಕಾಲದಲ್ಲಿ ಈಶಾನ್ಯದ ಗುಡ್ಡಗಾಡಿನ ಹಳ್ಳಿಗಳಿಗೆ ಪುಟ್ಟ ವಿಮಾನದಲ್ಲಿ ಅಕ್ಕಿ, ಉಪ್ಪು, ಔಷಧಿ ಹೊತ್ತೊಯ್ದ ಪೈಲಟ್ಟುಗಳ ಕತೆ. ಹುಲ್ಲಿನ ಬಯಲಿನಿಂದ ವಿಮಾನ ಏಳುವುದು, ಇಳಿಯುವುದು, ಎಲ್ಲ ನಾನೇ ಬರೆಯಬೇಕಿತ್ತು. ಬರೆದೆ. ಚೆನ್ನಾಗಿಯೇ ಬಂದಿದೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮೂರು ತಾಸಾದರೂ ಬರಲಿಲ್ಲ. ಗ್ಯಾರೇಜಿನಲ್ಲಿ ಜನರೇಟರ್ ಇತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅಲ್ಲಿಯ ಬೆಂಚಿನ ಮೇಲೆ ಕೂತೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತದ್ದು ನನಗೆ ಗೊತ್ತಾಗಲಿಲ್ಲ. ಪರದೆಯ ಮೇಲೆ ನನ್ನ ಹಳದಿ ವಿಮಾನ ಹುಲ್ಲಿನ ಮೇಲೆ ಜರ್ರನೆ ಓಡಿ, ಚಂಗನೆ ಆಕಾಶಕ್ಕೆ ಹಾರಿತು.

"ಇದರ ಹೊಟ್ಟೇಲಿ ಎಂತದೂ ಇಲ್ಲಲ್ಲ ತಂಗಿ," ಎಂದರು.

"ಹತ್ತು ಮೂಟೆ ಅಕ್ಕಿ ಇದೆ ಮೇಸ್ತ್ರಿ. ಹಿಂದಿನ ಸೀನಲ್ಲಿ ತುಂಬಿದ್ದಾರೆ."

"ಹತ್ತು ಮೂಟೆ ಹೊತ್ತದ್ದು ಹೀಂಗೆ ಏಳೋದಿಲ್ಲ. ಇದು ಗಾಳಿಪಟ."

ನನಗೆ ಸಿಟ್ಟು ಬಂತು. ಲಾರಿ ರಿಪೇರಿ ಮಾಡುವವರಿಗೆ ವಿಮಾನದ ಸುದ್ದಿ ಎಂತಕ್ಕೆ ಎಂದು ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಾಗುವಷ್ಟು ಬಗ್ಗಿದರು. ಬಾಲದ ಕೆಳಗೆ, ಹಿಂಗಾಲಿನಲ್ಲಿ ಪುಟ್ಟ ಚಕ್ರ ಇರುವ ಇಂಥ ವಿಮಾನ ನೆಲದ ಮೇಲಿದ್ದಾಗ ಮೂತಿ ಮೇಲೆತ್ತಿ ಕೂತಿರುತ್ತದೆ, ಪೈಲಟ್ಟಿಗೆ ಮುಂದಿನ ದಾರಿಯೇ ಕಾಣುವುದಿಲ್ಲ, ಅದಕ್ಕೇ ಅವನು ಹಾವಿನ ಹಾಗೆ ಆಚೆ ಈಚೆ ತಿರುಗಿಸುತ್ತ, ಪಕ್ಕದಿಂದ ಕತ್ತು ಹಾಕಿ ನೋಡುತ್ತ ಹೋಗಬೇಕು ಎಂದರು. ಇಳಿಯುವ ಮೊದಲು ಒಮ್ಮೆ ತಗ್ಗಿ ಹಾರಿ ಬಯಲಿನ ದನ ಓಡಿಸಬೇಕು ಎಂದರು. ಗುಡ್ಡದ ಬಯಲು ಇಳಿಜಾರು, ಇಳಿಯುವುದು ಏರಿನ ಕಡೆಗೆ, ಏಳುವುದು ಇಳುಕಲಿನ ಕಡೆಗೆ ಎಂದರು. ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ.

"ನಿಮಗೆ ಇದೆಲ್ಲ ಹೇಗೆ ಗೊತ್ತು?"

"ನಾಕು ವರ್ಷ ಅಲ್ಲೇ ಇದ್ನಲ್ಲ," ಎಂದು ಪಾನಾ ಹಿಡಿದು ಲಾರಿಯ ಕೆಳಗೆ ತೂರಿಕೊಂಡರು.

ಮೂವತ್ತು ವರ್ಷದಿಂದ ಆ ರಸ್ತೆಯಲ್ಲಿದ್ದ ಅಕ್ಕಪಕ್ಕದವರಿಗೂ ಅದು ಗೊತ್ತಿರಲಿಲ್ಲ. ನಾನು ಮರುದಿನ ಹೋದೆ. ಅದರ ಮರುದಿನವೂ ಹೋದೆ. ಲಾರಿಯ ಕೆಳಗಿನಿಂದ, ಚಹದ ಲೋಟದ ಆಚೆಯಿಂದ, ತುಂಡು ತುಂಡಾಗಿ ಕತೆ ಬಂತು.

ಹರೆಯದಲ್ಲಿ ಅವರು ಆ ಕಡೆ ಹೋದದ್ದು ರಸ್ತೆ ಮಾಡುವ ಗುತ್ತಿಗೆದಾರರ ಲಾರಿ ರಿಪೇರಿಗೆ. ಅಲ್ಲಿಯ ಬಯಲಿಗೆ ಬರುತ್ತಿದ್ದ ವಿಮಾನದ ಮೆಕ್ಯಾನಿಕ್ ಮಲೇರಿಯಾ ಬಂದು ಮಲಗಿದ. ಎಂಜಿನ್ ಗೊತ್ತಿದ್ದ ಮನುಷ್ಯ ಇವರೊಬ್ಬರೇ. ಕೈ ಹಾಕಿದರು, ಅದು ಓಡಿತು. ಆಮೇಲೆ ಅವರನ್ನು ಬಿಡಲಿಲ್ಲ. ಆದರೆ ಕಾಗದದಲ್ಲಿ ಅವರು ಮೆಕ್ಯಾನಿಕ್ ಆಗಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಕೊನೆತನಕ ಅವರ ಹೆಸರಿನ ಮುಂದೆ ಇದ್ದದ್ದು 'ಕೂಲಿ'.

ಒಂದು ದಿನ ಗುಡ್ಡದಾಚೆಯ ಹಳ್ಳಿಯಿಂದ ಜ್ವರದ ಸುದ್ದಿ ಬಂತಂತೆ. ಹತ್ತು ಮೂಟೆ ಅಕ್ಕಿ, ಮೇಲೆ ಔಷಧಿಯ ಪೆಟ್ಟಿಗೆ ತುಂಬಿದರು. ಹಿಂದಿನ ದಿನ ಮಳೆ ಹೊಡೆದಿತ್ತು, ಬೆಳಿಗ್ಗೆ ಬಿಸಿಲು ಏರಿತ್ತು. ಮಧ್ಯಾಹ್ನದೊಳಗೆ ಮೋಡ ಮುಚ್ಚುತ್ತದೆ ಎಂದು ಪೈಲಟ್ಟಿಗೆ ಅವಸರ. ಮೇಸ್ತ್ರಿ ಬಯಲಿನುದ್ದಕ್ಕೂ ನಡೆದು, ಹಿಮ್ಮಡಿ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ ನೀರು ಒಸರಿತು. ಒದ್ದೆ ನೆಲ ಚಕ್ರ ಹಿಡಿಯುತ್ತದೆ, ಕಾದ ಗಾಳಿ ರೆಕ್ಕೆ ಎತ್ತುವುದಿಲ್ಲ, ಬಯಲಿನ ತುದಿಯಲ್ಲಿ ಮರಗಳ ಸಾಲು. ಔಷಧಿ ಇರಲಿ, ನಾಲ್ಕು ಮೂಟೆ ಇಳಿಸಿ ಎಂದರು.

"ನೀನು ಯಾರು ಹೇಳೋಕೆ?" ಎಂದು ಪೈಲಟ್ ಕೇಳಿದನಂತೆ. ತಪ್ಪಿಲ್ಲ, ಹೇಳಿದವನು ಕೂಲಿ.

ಆ ವಿಮಾನಕ್ಕೆ ಸೆಲ್ಫ್ ಇರಲಿಲ್ಲ. ಮೂತಿಯ ಪಂಖವನ್ನು ಒಬ್ಬರು ಕೈಯಿಂದ ತಿರುಗಿಸಿಯೇ ಎಂಜಿನ್ ಸುರು ಮಾಡಬೇಕು. ಆ ಕೆಲಸ ಅಲ್ಲಿ ಬರುತ್ತಿದ್ದದ್ದು ಮೇಸ್ತ್ರಿ ಒಬ್ಬರಿಗೇ. ಅವರು ಕೈ ಕಟ್ಟಿಕೊಂಡು ಪಂಖದ ಮುಂದೆ ನಿಂತರು. ಪೈಲಟ್ ಬೈದ. ಕೆಲಸದಿಂದ ತೆಗೆಸುತ್ತೇನೆ ಎಂದ. ಇವರು ಅಲುಗಲಿಲ್ಲ.

"ಹೆದರಿಕೆ ಆಗ್ಲಿಲ್ವಾ ಮೇಸ್ತ್ರಿ?"

"ಆಯ್ತು. ಆದ್ರೆ ಆ ಮನುಷ್ಯಂಗೆ ಸಣ್ಣ ಮಗಳಿದ್ದಳು, ಫೋಟೊ ತೋರಿಸಿದ್ದ."

ನಾಲ್ಕು ಮೂಟೆ ಇಳಿಯಿತು. ಪಂಖ ತಿರುಗಿತು. ವಿಮಾನ ಕೆಸರು ಚಿಮ್ಮಿಸುತ್ತ ಬಯಲಿನ ಕೊನೆತನಕ ಓಡಿ, ಎದ್ದೂ ಏಳದ ಹಾಗೆ ಎದ್ದು, ಮರಗಳ ಆಚೆ ಇಳಿದು ಮರೆಯಾಯಿತು. ಬಿತ್ತೋ, ಹಾರಿತೋ... ಎಂಜಿನ್ನಿನ ಸದ್ದು ಮತ್ತೆ ಕೇಳುವತನಕ ತಾನು ಉಸಿರಾಡಲಿಲ್ಲ ಎಂದರು. ಮೋಡ ಮುಚ್ಚುವ ಮೊದಲೇ ವಿಮಾನ ವಾಪಸು ಬಂತು. ಪೈಲಟ್ ಇಳಿದು, ಹಿಂದೆ ಹೋಗಿ, ಬಗ್ಗಿ ನೋಡಿದ. ಹಿಂಗಾಲಿನ ಚಕ್ರದ ಸಂದಿನಲ್ಲಿ ಹಸಿರು ಎಲೆಗಳು ಸಿಕ್ಕಿಕೊಂಡಿದ್ದವು. ಮರದ ತುದಿಯ ಎಲೆಗಳು. ಒಂದೊಂದಾಗಿ ಬಿಡಿಸಿ ತೆಗೆದ. ಮರುದಿನದಿಂದ ಪ್ರತಿ ಸಲ ಹೊರಡುವ ಮೊದಲು ಮೇಸ್ತ್ರಿಯ ಹತ್ತಿರ ಬಂದು, "ಇವತ್ತು ಎಷ್ಟು ಹಾಕೋಣ?" ಎಂದು ಕೇಳುತ್ತಿದ್ದನಂತೆ.

ಕತೆ ಕೇಳಿ ಮನೆಗೆ ಬಂದು ನನ್ನ ಹಳದಿ ವಿಮಾನವನ್ನು ನೋಡಿದೆ. ನಾಚಿಕೆಯಾಯಿತು. ಆ ಭಾಗವನ್ನೆಲ್ಲ ಅಳಿಸಿದೆ. ಒಪ್ಪಿಸಬೇಕಾದ ದಿನ ಹತ್ತಿರದಲ್ಲಿತ್ತು. ಒದ್ದೆ ನೆಲ, ಹೂತ ಚಕ್ರ ಎಲ್ಲ ಸೇರಿಸಿ ಮತ್ತೆ ಬರೆಯುತ್ತೇನೆ ಎಂದಾಗ ಸಿನಿಮಾದ ನಿರ್ದೇಶಕಿ ಫೋನಿನಲ್ಲಿ ಕೂಗಾಡಿದರು. "ಮಕ್ಕಳ ಸಿನಿಮಾ ಕಣ್ರೀ, ಚಕ್ರ ಹೂತದ್ದು ಯಾರು ನೋಡ್ತಾರೆ? ಬೇರೆಯವರಿಗೆ ಕೊಟ್ಟುಬಿಡ್ತೀನಿ ನಾನು." ಕೊಡಿ, ಆದರೆ ಮೊದಲು ಒಂದು ಕತೆ ಕೇಳಿ ಎಂದೆ. ಪೂರ್ತಿ ಹೇಳಿದೆ. "ಆ ಎಲೆಗಳನ್ನ ಸಿನಿಮಾದಲ್ಲಿ ಹಾಕೋಕೆ ಅವರು ಒಪ್ತಾರಾ?" ಎಂದು ಕೇಳಿದರು ಕೊನೆಗೆ.

ಮೇಸ್ತ್ರಿ ಒಪ್ಪಿದ್ದಷ್ಟೇ ಅಲ್ಲ, ನನ್ನನ್ನು ಪಾಠಕ್ಕೆ ಹಾಕಿದರು. ಗ್ಯಾರೇಜಿನ ಹಿಂದಿನ ಒದ್ದೆ ಹುಲ್ಲಿನಲ್ಲಿ ಕೈಗಾಡಿ ನಿಲ್ಲಿಸಿ, ಅದರ ಮೇಲೆ ಕಬ್ಬಿಣದ ಸಾಮಾನು ಹೇರಿ, "ತಳ್ಳು" ಎಂದರು. ತಳ್ಳಿದೆ. ಅಲುಗಲಿಲ್ಲ. ಮತ್ತೆ ತಳ್ಳಿದೆ. ಮೊದಲು ಚಕ್ರ ಹೂತುಕೊಂಡು ಗೊಣಗಿತು, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಟಿತು, ಹೊರಟ ಮೇಲೆ ನಿಲ್ಲಿಸುವುದು ಕಷ್ಟವಾಯಿತು. "ಈಗ ಹೋಗಿ ಚಿತ್ರ ಬರಿ," ಎಂದರು. ದಿನಾ ಬರೆದದ್ದನ್ನು ತೋರಿಸುತ್ತಿದ್ದೆ. ಒಂದು ದಿನ ಪರದೆಯ ಮೇಲೆ ವಿಮಾನದ ಬಾಲ ಮೆಲ್ಲಗೆ ಮೇಲೆದ್ದು, ರೆಕ್ಕೆ ಒಮ್ಮೆ ತೂಗಾಡಿ, ಚಕ್ರ ಹುಲ್ಲು ಬಿಡಲೋ ಬೇಡವೋ ಎಂದು ಎರಡು ಸಲ ನೆಲ ಮುಟ್ಟಿ ಎದ್ದಿತು. ಮೇಸ್ತ್ರಿಯ ಕೈ ಪಕ್ಕದ ಬೆಂಚನ್ನು ಗಟ್ಟಿಯಾಗಿ ಹಿಡಿದಿತ್ತು.

"ಈಗ ಭಾರ ಬಂತು," ಎಂದರು.

ನನ್ನ ಕೆಲಸಕ್ಕೆ ಆಮೇಲೆ ಸಿಕ್ಕ ಯಾವ ಹೊಗಳಿಕೆಯೂ ಅಷ್ಟು ಎತ್ತರಕ್ಕೆ ನನ್ನನ್ನು ಒಯ್ದಿಲ್ಲ.

ಸಿನಿಮಾ ಮುಗಿಯಿತು. ಶಿರಸಿಯ ಒಂದು ಸಭಾಭವನದಲ್ಲಿ ಶಾಲೆಯ ಮಕ್ಕಳಿಗೆಂದು ತೋರಿಸಿದಾಗ ಮೇಸ್ತ್ರಿಯನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿನಲ್ಲಿ ಮಾತ್ರ ಹೋಗದ ಕಪ್ಪು. ಪರದೆಯ ಮೇಲೆ ಮೂಟೆ ಇಳಿಸದೆ ಪಂಖ ತಿರುಗಿಸುವುದಿಲ್ಲ ಎಂದು ಒಬ್ಬ ತೆಳ್ಳನೆಯ ಮನುಷ್ಯ ಕೈ ಕಟ್ಟಿ ನಿಂತಾಗ, ಗಲಾಟೆ ಮಾಡುತ್ತಿದ್ದ ಮಕ್ಕಳೆಲ್ಲ ಸುಮ್ಮನಾದರು. ವಿಮಾನ ಮರಗಳ ಆಚೆ ಮರೆಯಾದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸದ್ದು ಮತ್ತೆ ಕೇಳಿದ್ದೇ ಇಡೀ ಭವನ ಚಪ್ಪಾಳೆ. ಮೇಸ್ತ್ರಿಯ ಹೆಂಡತಿ ಗಂಡನ ಕಡೆ ತಿರುಗಿ, "ಇದು ನೀವಾ?" ಎಂದು ಕೇಳಿದರು. ಐವತ್ತು ವರ್ಷ ಜೊತೆಗಿದ್ದವರಿಗೂ ಅವರು ಹೇಳಿರಲಿಲ್ಲ. ಮೇಸ್ತ್ರಿ ಹೌದೆಂದು ತಲೆಯಾಡಿಸಿದರು.

ಸಿನಿಮಾ ಮುಗಿದು ಹೆಸರುಗಳು ಬರುವಾಗ ಮಕ್ಕಳು ಬಾಗಿಲಿಗೆ ಓಡಿದರು. ನಾವು ಮೂವರೂ ಕೂತೇ ಇದ್ದೆವು. ನಾನು ಕೇಳಿಕೊಂಡಿದ್ದ ಹಾಗೆ ನಿರ್ದೇಶಕಿ ಆ ಹೆಸರಿಗೆ ಒಂದು ಪೂರ್ತಿ ಸಾಲು ಬಿಟ್ಟಿದ್ದರು. ಎಡಗಡೆ 'ವಿಮಾನದ ಮೆಕ್ಯಾನಿಕ್' ಎಂದು ಕನ್ನಡದಲ್ಲಿ, ಬಲಗಡೆ ಅವರ ಹೆಸರು, ತಂದೆಯ ಹೆಸರಿನೊಂದಿಗೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕುವಷ್ಟರಲ್ಲಿ ಆ ಸಾಲು ಮೇಲೆ ಹೋಗಿಬಿಟ್ಟಿತ್ತು. ಮತ್ತೊಮ್ಮೆ ಹಾಕಿಸಿದೆ. ಓದಿದರು. "ಅಕ್ಷರ ತಪ್ಪಿಲ್ಲ," ಎಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಹೆಂಡತಿ ಕೇಳುತ್ತಲೇ ಇದ್ದರು, ಅವರು ಹೇಳುತ್ತಲೇ ಇದ್ದರು. ಅಷ್ಟು ಮಾತಾಡಿದ ಮೇಸ್ತ್ರಿಯನ್ನು ನಾನು ಅವತ್ತೊಂದೇ ದಿನ ಕಂಡದ್ದು...

ಅದಾದ ಮುಂದಿನ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಅವರು ಹೋದರು. ಬೆಳಿಗ್ಗೆ ಒಂದು ಲಾರಿಯ ಎಂಜಿನ್ ಕೇಳಿ, ಸರಿ ಇದೆ ಎಂದು ಹೇಳಿ, ಒಳಗೆ ಹೋಗಿ ಮಲಗಿದವರು ಏಳಲಿಲ್ಲ. ಅಂಕೋಲಾ ಘಟ್ಟದಿಂದ ಹುಬ್ಬಳ್ಳಿವರೆಗಿನ ಚಾಲಕರು ಬಂದಿದ್ದರು. ಅವರಲ್ಲಿ ಎಷ್ಟೋ ಜನ ಸಿನಿಮಾ ನೋಡಿದ್ದರು. "ನಮ್ಮ ಮೇಸ್ತ್ರಿ ವಿಮಾನದವರು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ನಾನೀಗ ಶಿರಸಿಯಲ್ಲಿದ್ದೇನೆ. ಈಗ ಬರೆಯುತ್ತಿರುವುದು ದೋಣಿಗಳ ಸಿನಿಮಾ. ಹೋದ ವಾರ ಕರಾವಳಿಗೆ ಇಳಿದು, ದೋಣಿ ಕಟ್ಟುವ ಒಬ್ಬ ಮುದುಕರನ್ನು ಹುಡುಕಿ, ಮೀನು ತುಂಬಿದ ದೋಣಿ ಖಾಲಿ ದೋಣಿಗಿಂತ ಎಷ್ಟು ಬೆರಳು ಹೆಚ್ಚು ಮುಳುಗುತ್ತದೆ ಎಂದು ಕೇಳಿದೆ. ಅವರು ಉಳಿ ಕೆಳಗಿಟ್ಟು ನನ್ನನ್ನು ನೋಡಿದರು. "ಇಂಥದ್ದನ್ನೆಲ್ಲ ಕೇಳಲಿಕ್ಕೆ ನಿಮಗೆ ಯಾರು ಕಲಿಸಿದ್ದು?" ಎಂದರು.

"ಯಲ್ಲಾಪುರದಲ್ಲಿ ಒಬ್ಬರು ವಿಮಾನದ ಮೆಕ್ಯಾನಿಕ್ ಇದ್ದಾರೆ..." ಎಂದು ಹೆಮ್ಮೆಯಿಂದಲೇ ಸುರುಮಾಡಿದೆ. ಅರ್ಧಕ್ಕೆ ನಿಲ್ಲಿಸಿ, 'ಇದ್ದರು' ಎಂದು ತಿದ್ದಿಕೊಂಡೆ.